ಪದವಿ ವಿದ್ಯಾರ್ಥಿಗಳ ಭಾಷಣ ಕಲಿಕೆಗೆ ನೆರವು: ಹಾನಗಲ್ಲ, ಶಿಗ್ಗಾಂವಿ, ಸವಣೂರು ಹಾಗೂ ಹಿರೇಕೆರೂರು ತಾಲ್ಲೂಕುಗಳು

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿತು. ಜಿಲ್ಲೆ ಬೇರೆಯಾದರೂ ಇಲ್ಲಿಯ ಪದವಿ ಶಿಕ್ಷಣವು ಬಹುಕಾಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿಯೇ ಇದ್ದಿತು. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಆರಂಭಗೊಂಡಿತು. 2023ರಲ್ಲಿ ಹಾವೇರಿ ವಿಶ್ವವಿದ್ಯಾಲಯವು ಉದ್ಘಾಟನೆಗೊಂಡಿತು. ಪದವಿ ತರಗತಿಗಳಲ್ಲಿ ಭಾಷಣ ಹಾಗೂ ಸಂವಹನ ಕೌಶಲದ ಕಲಿಕೆಗೆ ತರಗತಿಯ ಹೊರಗೆ ನೆರವು ನೀಡುವ ಬಗೆಯನ್ನು ಈ ನಾಲ್ಕು ತಾಲ್ಲೂಕುಗಳ ಸಂದರ್ಭದಲ್ಲಿ ಇಲ್ಲಿ ವಿವರಿಸಲಾಗಿದೆ.

ಅಗತ್ಯತೆ

ಸೆಮಿನಾರ್ ಮಂಡನೆ, ಮೌಖಿಕ ಪರೀಕ್ಷೆ, ಉದ್ಯೋಗ ಸಂದರ್ಶನ ಇವೆಲ್ಲವೂ ಬಾಯಿಬಿಟ್ಟು ಹೇಳಬೇಕಾದ ಸಂದರ್ಭಗಳು. ವಾಣಿಜ್ಯ ವಿಭಾಗದ ವಿದ್ಯಾರ್ಥಿಯು ಅಢಾವೆ ಪತ್ರಿಕೆಯನ್ನು ತಪ್ಪಿಲ್ಲದೆ ಸಿದ್ಧಪಡಿಸಬಲ್ಲನು. ಸವಕಳಿಯನ್ನು ಏಕೆ ಕಳೆಯಬೇಕೆಂದು ಕೇಳಿದರೆ ತಲೆ ತಗ್ಗಿಸುತ್ತಾನೆ. ಉತ್ತರ ತಿಳಿಯದೆಂದಲ್ಲ, ನಾಲ್ಕು ಜನರ ಎದುರು ಹೇಳಿ ರೂಢಿಯಿಲ್ಲ. ಕುಟುಂಬದಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಲ್ಲಿ, ವಿಶೇಷವಾಗಿ ವಿದ್ಯಾರ್ಥಿನಿಯರಲ್ಲಿ, ಈ ಹಿಂಜರಿಕೆ ಹೆಚ್ಚು. ನಷ್ಟವು ಅಂಕಪಟ್ಟಿಗೆ ಮಾತ್ರ ಸೀಮಿತವಲ್ಲ. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕುಡಿಯುವ ನೀರಿನ ವಿಷಯ ಪ್ರಸ್ತಾಪಿಸಬೇಕಾದವರೂ ನಾಳೆ ಇವರೇ ಆಗಿರುತ್ತಾರೆ.

ಕಲಿಕಾ ಕೇಂದ್ರದ ಕಾರ್ಯವಿಧಾನ

ಇಂತಹ ಕೇಂದ್ರಗಳು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥಿತವಾಗಿ ಬೆಳೆದಿವೆ. ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಗ್ರೀನ್ಸ್‌ಬರೊ ಕೇಂದ್ರವು ಇದಕ್ಕೆ ಒಂದು ಉದಾಹರಣೆ. ಅಲ್ಲಿ ತರಬೇತಿ ಪಡೆದ ಸಹ ವಿದ್ಯಾರ್ಥಿಗಳೇ ಸಲಹೆಗಾರರಾಗಿ ಕಾರ್ಯನಿರ್ವಹಿಸುತ್ತಾರೆ. ವಿದ್ಯಾರ್ಥಿಯು ತನ್ನ ಭಾಷಣದ ಕರಡಿನೊಂದಿಗೆ ಬಂದು ಸಲಹೆಗಾರರ ಎದುರು ಒಮ್ಮೆ ಮಾತನಾಡುತ್ತಾನೆ. ಸಲಹೆಗಾರರು ಭಾಷಣವನ್ನು ಬರೆದುಕೊಡುವುದಿಲ್ಲ, ಅಂಕ ನೀಡುವುದೂ ಇಲ್ಲ. ಕೇಳಿಸಿಕೊಂಡು, ತಮಗೆ ತಿಳಿದದ್ದು ಯಾವುದು, ತಿಳಿಯದೆ ಹೋದದ್ದು ಯಾವುದು ಎಂಬುದನ್ನು ಹೇಳುತ್ತಾರೆ. ವಿದ್ಯಾರ್ಥಿಯು ತಿದ್ದಿಕೊಂಡು ಮತ್ತೊಮ್ಮೆ ಮಾತನಾಡುತ್ತಾನೆ.

ಈ ಎರಡನೆಯ ಸಲದ ಮಾತೇ ಇಡೀ ಏರ್ಪಾಡಿನ ತಿರುಳು. ತರಗತಿಯಲ್ಲಿ ಅದಕ್ಕೆ ಅವಕಾಶವಿರುವುದಿಲ್ಲ. ಅರವತ್ತು ಮಂದಿಯ ತರಗತಿಯಲ್ಲಿ ತಲಾ ಐದು ನಿಮಿಷ ನೀಡಿದರೂ ಒಂದು ಸುತ್ತಿಗೆ ಐದು ಗಂಟೆ ಬೇಕು. ಹೀಗಾಗಿ ಪ್ರತಿಯೊಬ್ಬರೂ ಒಂದೇ ಸಲ, ಅದೂ ಅಂಕಕ್ಕಾಗಿ, ಮಾತನಾಡುತ್ತಾರೆ. ತಪ್ಪು ತಿಳಿಯುವ ಹೊತ್ತಿಗೆ ಅವಕಾಶ ಮುಗಿದಿರುತ್ತದೆ. ಇದಕ್ಕೆ ದೊಡ್ಡ ವೆಚ್ಚವೇನೂ ತಗಲುವುದಿಲ್ಲ. ಒಂದು ಕೊಠಡಿ, ಗೋಡೆ ಗಡಿಯಾರ, ಹೆಸರು ನೋಂದಾಯಿಸುವ ಪುಸ್ತಕ, ಕೇಳುವ ಸಹನೆಯುಳ್ಳ ಇಬ್ಬರು ಹಿರಿಯ ವಿದ್ಯಾರ್ಥಿಗಳು ಇದ್ದರೆ ಸಾಕು. ಧ್ವನಿಮುದ್ರಣಕ್ಕೆ ವಿದ್ಯಾರ್ಥಿಯ ಮೊಬೈಲ್ ದೂರವಾಣಿಯೇ ಆಗುತ್ತದೆ.

ಆಡುಮಾತು ಮತ್ತು ವೇದಿಕೆಯ ಮಾತು

ಈ ಭಾಗದ ವಿದ್ಯಾರ್ಥಿಗಳ ಹಿಂಜರಿಕೆಗೆ ಇನ್ನೊಂದು ಕಾರಣವಿದೆ. ಮನೆಯಲ್ಲಿ "ಐತಿ", "ಹೋಗ್ಯಾನ", "ಬರಾಕ ಹತ್ತೇನಿ" ಎನ್ನುವವರು ವೇದಿಕೆಯ ಮೇಲೆ "ಇದೆ", "ಹೋಗಿದ್ದಾನೆ", "ಬರುತ್ತಿದ್ದೇನೆ" ಎನ್ನಬೇಕಾಗುತ್ತದೆ. ಒಂದೆರಡು ಕಡೆ ರೂಢಿಯ ಮಾತು ನುಸುಳಿದೊಡನೆ ಸಹಪಾಠಿಗಳು ನಕ್ಕರೆ, ಮುಂದೆ ಆ ವಿದ್ಯಾರ್ಥಿ ಕಾಗದದಿಂದ ಕಣ್ಣೆತ್ತುವುದಿಲ್ಲ. ಗ್ರಾಂಥಿಕ ರೂಪವನ್ನು ಕಲಿಸುವುದು ಅವಶ್ಯಕವೇ ಹೌದು. ಆದರೆ ಮೊದಲ ಸಲದ ಅಭ್ಯಾಸವನ್ನು ಮನೆಮಾತಿನಲ್ಲಿಯೇ ಮಾಡಿಸಿ, ವಿಷಯದ ಕ್ರಮ ಗಟ್ಟಿಯಾದ ನಂತರ ರೂಪವನ್ನು ತಿದ್ದುವುದು ಸೂಕ್ತ. ಎರಡನ್ನೂ ಒಟ್ಟಿಗೆ ತಿದ್ದಹೊರಟರೆ ಎರಡೂ ಕೆಡುತ್ತವೆ. ಇಂಗ್ಲಿಷ್ ಭಾಷಣಕ್ಕೂ ಇದೇ ಕ್ರಮವನ್ನು ಅನುಸರಿಸಬಹುದು. ಸವಣೂರಿನಲ್ಲಿ 1909ರಲ್ಲಿ ಜನಿಸಿದ ಡಾ. ವಿ. ಕೃ. ಗೋಕಾಕ ಅವರು ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿ ಇಂಗ್ಲಿಷ್ ಪ್ರಾಧ್ಯಾಪಕರಾದರು. ಅವರೇ 1958ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠದಿಂದಲೂ ಮಾತನಾಡಿದರು.

ಈ ಭಾಗದ ಪರಂಪರೆ

ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ಮಾತನ್ನು ಪಳಗಿಸುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ದೊಡ್ಡಾಟ, ಸಣ್ಣಾಟಗಳ ತಾಲೀಮಿನಲ್ಲಿ ಕಲಿಸುವ ಮಾಸ್ತರರ ಎದುರು ಪಾತ್ರಧಾರಿಯು ಅದೇ ಮಾತನ್ನು ರಾತ್ರಿಗಟ್ಟಲೆ ಒಪ್ಪಿಸುತ್ತಾನೆ. ಅಕ್ಷರ ಬಾರದವನೂ ಸಾವಿರ ಜನರ ಎದುರು ತಡವರಿಸದೆ ನಿಲ್ಲುತ್ತಾನೆ. ಹಾನಗಲ್ಲ ತಾಲ್ಲೂಕಿನ ಶೇಷಗಿರಿ ಗ್ರಾಮವು ಹವ್ಯಾಸಿ ರಂಗಭೂಮಿಗೆ ಹೆಸರಾಗಿದೆ.

ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರ ಸ್ವಾಮಿಗಳು (1867–1930) ಬಾದಾಮಿ ಸಮೀಪ ಮಲಪ್ರಭಾ ತೀರದಲ್ಲಿ 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದರು. ಮಠಗಳ ಹೊಣೆ ಹೊರಲಿದ್ದ ವಟುಗಳು ಅಲ್ಲಿ ಸಂಸ್ಕೃತ, ಯೋಗಗಳೊಂದಿಗೆ ಪ್ರವಚನವನ್ನೂ ಅಭ್ಯಾಸ ಮಾಡಿದರು. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು (1892–1944) ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಅವರು ಹಾಗೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಸಂಗೀತವನ್ನೂ ಕೀರ್ತನೆಯನ್ನೂ ಕಲಿಸಿದರು. ಓದಿ ಹೇಳಲು ಕಾಗದವೇ ಇಲ್ಲದವರು ಕೇಳಿ, ಒಪ್ಪಿಸಿ, ತಿದ್ದಿಸಿಕೊಂಡು ಕೀರ್ತನಕಾರರಾದರು. ಕಾಗದ ಕೈಬಿಟ್ಟರೆ ಮಾತೇ ನಿಂತೀತೆಂದು ಅಂಜುವ ಪದವಿ ವಿದ್ಯಾರ್ಥಿಗಳಿಗೆ ಈ ಉದಾಹರಣೆಯನ್ನು ಹೇಳತಕ್ಕದ್ದು. ಕಾಲೇಜುಗಳು ಊರಿನ ಕೀರ್ತನಕಾರರನ್ನೋ ತಾಲೀಮಿನ ಮಾಸ್ತರರನ್ನೋ ಒಂದು ಮಧ್ಯಾಹ್ನ ಆಹ್ವಾನಿಸಿದರೆ, ಉಸಿರು ಹಿಡಿಯುವುದು, ಧ್ವನಿಯನ್ನು ಕೊನೆಯ ಸಾಲಿಗೆ ಮುಟ್ಟಿಸುವುದು ಹೇಗೆಂಬುದನ್ನು ಅವರು ಪುಸ್ತಕಕ್ಕಿಂತ ಚೆನ್ನಾಗಿ ತೋರಿಸಬಲ್ಲರು.

ಅಭ್ಯಾಸದ ವಿಧಾನ ಮತ್ತು ವೇಳೆ

ಒಬ್ಬರಿಗೆ ಇಪ್ಪತ್ತು ನಿಮಿಷ ನಿಗದಿಪಡಿಸಬಹುದು: ಐದು ನಿಮಿಷ ಮಾತು, ಹತ್ತು ನಿಮಿಷ ಚರ್ಚೆ, ಮತ್ತೆ ಐದು ನಿಮಿಷ ಮಾತು. ಪೂರ್ಣ ಭಾಷಣದ ಬದಲು ಅಂಗೈಯಗಲದ ಚೀಟಿಯಲ್ಲಿ ನಾಲ್ಕೈದು ಮುಖ್ಯಾಂಶಗಳನ್ನಷ್ಟೇ ಬರೆದುಕೊಂಡು ಬರುವಂತೆ ತಿಳಿಸುವುದು. ಆರಂಭದ ಎರಡು ವಾಕ್ಯಗಳನ್ನು ಮಾತ್ರ ಬಾಯಿಪಾಠ ಮಾಡಿಸುವುದು, ಏಕೆಂದರೆ ನಡುಕವೆಲ್ಲ ಅಲ್ಲಿಯೇ ಇರುತ್ತದೆ. ವಿದ್ಯಾರ್ಥಿನಿಯರು ಇಚ್ಛಿಸಿದಲ್ಲಿ ಕೇಳುಗರಾಗಿ ವಿದ್ಯಾರ್ಥಿನಿಯರನ್ನೇ ನೇಮಿಸುವುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಯುವ ಸಂಸತ್ ಉತ್ಸವದಂತಹ ಸ್ಪರ್ಧೆಗಳಿಗೆ ಹೋಗುವವರಿಗೂ ಇದೇ ಕೊಠಡಿಯಲ್ಲಿ ಸಿದ್ಧತೆ ನಡೆಸಬಹುದು. ಆದರೆ ಸ್ಪರ್ಧಾಳುಗಳೇ ವೇಳೆಯನ್ನೆಲ್ಲ ಪಡೆದುಕೊಂಡು, ಬಾಯಿ ತೆರೆಯಲು ಅಂಜುವವರು ಹೊರಗುಳಿಯದಂತೆ ನೋಡಿಕೊಳ್ಳುವುದು ಮೇಲ್ವಿಚಾರಕರ ಹೊಣೆ.

ಅಭ್ಯಾಸದ ವೇಳೆಯನ್ನು ತರಗತಿಗಳು ಮುಗಿದ ನಂತರ ಇರಿಸುವುದು ಸಾಮಾನ್ಯ. ಈ ತಾಲ್ಲೂಕುಗಳಲ್ಲಿ ಅದು ಅನುಕೂಲಕರವಲ್ಲ. ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸನ್ನು ಅವಲಂಬಿಸಿರುತ್ತಾರೆ. ಒಂದು ಬಸ್ಸು ತಪ್ಪಿದರೆ ಮನೆ ಸೇರುವುದು ಕತ್ತಲಾದ ಮೇಲೆಯೇ, ಮರುದಿನದಿಂದ ಆ ವಿದ್ಯಾರ್ಥಿನಿಯನ್ನು ಮನೆಯವರು ಕಳುಹಿಸದಿರಲೂಬಹುದು. ಆದ್ದರಿಂದ ಮಧ್ಯಾಹ್ನದ ಊಟದ ಬಿಡುವು ಅಥವಾ ಬೆಳಗಿನ ಮೊದಲ ತಾಸಿಗೂ ಮುಂಚಿನ ವೇಳೆಯನ್ನು ಆರಿಸಿಕೊಂಡು, ವೇಳಾಪಟ್ಟಿಯನ್ನು ಬಸ್ಸುಗಳ ಸಮಯದೊಂದಿಗೆ ತಾಳೆ ನೋಡಿದ ನಂತರವೇ ಸೂಚನಾ ಫಲಕದಲ್ಲಿ ಪ್ರಕಟಿಸತಕ್ಕದ್ದು.