ಕೆಂಗೇರಿಯ ಪ್ರೇಕ್ಷಣೀಯ ಸ್ಥಳಗಳು

ಕೆಂಗೇರಿ ಬೆಂಗಳೂರಿನ ನೈರುತ್ಯಕ್ಕೆ, ಮೈಸೂರು ರಸ್ತೆಯ ಮೇಲೆ, ವೃಷಭಾವತಿ ಕಣಿವೆಗೆ ಹೊಂದಿಕೊಂಡಿರುವ ಹಳೆಯ ಪೇಟೆ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಏಳು ನಗರಸಭೆಗಳ ಜೊತೆಗೆ ಅದರಲ್ಲಿ ವಿಲೀನವಾದ ಏಕೈಕ ಪುರಸಭೆ ಇದರದು. ಇಲ್ಲಿ ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಓಡಾಡುತ್ತಿವೆ. ಸಾವನದುರ್ಗದಿಂದ ಹಿಡಿದು ಬಿಡದಿಯ ವಂಡರ್‌ಲಾದವರೆಗೆ ಎಲ್ಲವನ್ನೂ ಕೆಂಗೇರಿಯ ಲೆಕ್ಕಕ್ಕೆ ಬರೆಯುವವರು ಒಂದು ಕಡೆ; ಗೃಹ ಮಂಡಳಿಯ ಉಪನಗರ, ಬಸ್ ನಿಲ್ದಾಣ, ಕೊಳಚೆ ಹೊಳೆ ಬಿಟ್ಟರೆ ಇಲ್ಲೇನಿದೆ ಎನ್ನುವವರು ಇನ್ನೊಂದು ಕಡೆ. ಇಬ್ಬರದೂ ಅಳತೆ ತಪ್ಪು. ಕೆಂಗೇರಿಯನ್ನು ಬಡಾವಣೆಯಾಗಿ ಅಲ್ಲ, ಹೋಬಳಿಯಾಗಿ ನೋಡಿದರೆ ಅದಕ್ಕೆ ಸೇರಿದ್ದು ಯಾವುದು, ಸೇರದ್ದು ಯಾವುದು ಎಂಬುದು ಬಹುಮಟ್ಟಿಗೆ ತಾನಾಗಿಯೇ ತಿಳಿಯುತ್ತದೆ.

ಹೋಬಳಿಯ ದೊಡ್ಡ ಆಸ್ತಿ ರಾಮೋಹಳ್ಳಿ ಬಳಿಯ ಕೇತೋಹಳ್ಳಿಯಲ್ಲಿರುವ ದೊಡ್ಡ ಆಲದ ಮರ. ಸುಮಾರು 3 ಎಕರೆಗೆ ಹಬ್ಬಿದೆ, ವಯಸ್ಸು 400 ವರ್ಷ ಎನ್ನುತ್ತಾರೆ. ಮೊದಲ ಸಲ ಹೋದವರು ಮರ ಎಲ್ಲಿ ಎಂದು ಹುಡುಕುವುದುಂಟು, ಏಕೆಂದರೆ ಮೂಲ ಕಾಂಡ ರೋಗಕ್ಕೆ ತುತ್ತಾಗಿ ಹೋಗಿದೆ. ಕೊಂಬೆಗಳಿಂದ ಇಳಿದ ಬಿಳಲುಗಳು ನೆಲ ಮುಟ್ಟಿ, ಬೇರು ಬಿಟ್ಟು, ತಾವೇ ಕಾಂಡಗಳಾಗಿ ಬಲಿತು ಮೇಲಿನ ಭಾರ ಹೊತ್ತಿವೆ. ಎಳೆಯ ಬಿಳಲು ಹಗ್ಗದಷ್ಟು ಸಣ್ಣ, ಹಳೆಯದು ತಬ್ಬಿದರೂ ತೋಳಿಗೆ ಸಿಗದಷ್ಟು ದಪ್ಪ. ಎರಡನ್ನೂ ಒಂದೇ ಕೊಂಬೆಯಡಿ ಕಾಣಬಹುದು. ಮೂಲ ಕಾಂಡವೇ ಇಲ್ಲದ್ದನ್ನು ಒಂದು ಮರ ಎನ್ನಬಹುದೇ ಎಂದು ಕೇಳುವವರಿಗೆ ಹೌರಾದ ಶಿಬ್‌ಪುರ ಸಸ್ಯೋದ್ಯಾನದ ಆಲವೇ ಉತ್ತರ: ಅದರ ಮೂಲ ಕಾಂಡವನ್ನು 1925ರಲ್ಲೇ ಕಡಿದು ತೆಗೆದರೂ ಮರ ಇಂದಿಗೂ ಬೆಳೆಯುತ್ತಿದೆ. ಕೇತೋಹಳ್ಳಿಯ ಆಲಕ್ಕೆ ಹೋಗುವವರು ದಾರಿಯಲ್ಲೇ ರಾಮೋಹಳ್ಳಿಯ ಮುಕ್ತಿನಾಗ ಕ್ಷೇತ್ರವನ್ನೂ ನೋಡಿಕೊಂಡು ಬರುತ್ತಾರೆ.

ಸಾವನದುರ್ಗದ ವಿಷಯ ಬೇರೆ. ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರದ ಆ ಬಂಡೆಬೆಟ್ಟ ಮಾಗಡಿ ಸೀಮೆಯದು. ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ 1791ರಲ್ಲಿ ಅದನ್ನು ಹಿಡಿದ ಕಥೆಯೂ ಆ ಸೀಮೆಯ ಚರಿತ್ರೆಗೇ ಸೇರಿದ್ದು. ಪ್ರವಾಸಿಗೆ ತಾಲ್ಲೂಕಿನ ಗಡಿ ಕಟ್ಟಿಕೊಂಡು ಏನಾಗಬೇಕು ಎಂಬ ಆಕ್ಷೇಪಣೆ ಸಹಜ. ಆದರೆ ಇಲ್ಲಿ ಕಂದಾಯದ ಗಡಿಯ ಜೊತೆ ಕಲ್ಲೂ ಸಾಕ್ಷಿ ಹೇಳುತ್ತದೆ. ಬೆಂಗಳೂರಿನ ಕಡೆಯದು ಸುಮಾರು 300 ಕೋಟಿ ವರ್ಷ ಹಳೆಯ, ಪಟ್ಟೆಪಟ್ಟೆಯ ನೈಸ್ ಶಿಲೆ. ಸಾವನದುರ್ಗ, ರಾಮನಗರದ ಬೆಟ್ಟಗಳು ಅದಕ್ಕಿಂತ ಕಿರಿಯ, ಸುಮಾರು 250 ಕೋಟಿ ವರ್ಷದ ಕ್ಲೋಸ್‌ಪೇಟೆ ಗ್ರಾನೈಟು. ಪಶ್ಚಿಮಕ್ಕೆ ಹೋದಂತೆ ನೆಲದ ಸ್ವಭಾವವೇ ಬದಲಾಗುತ್ತದೆ.

ಹೋಬಳಿಯ ಅಳತೆ ಸೋಲುವುದು ತುರಹಳ್ಳಿ ಕಾಡಿನಲ್ಲಿ. ಕಡತದಲ್ಲಿ ಅದು ಉತ್ತರಹಳ್ಳಿ ಹೋಬಳಿಯದು, ಆದರೆ ಬಂಡೆ ಹತ್ತುವವರೂ ಸೈಕಲ್ ತುಳಿಯುವವರೂ ಕೆಂಗೇರಿ ಕಡೆಯಿಂದಲೂ ಅಲ್ಲಿಗೆ ಹೋಗುತ್ತಾರೆ. ಕಲ್ಲು ಒಂದೇ, ದಾರಿ ಹತ್ತಿರ. ಹಾಗಾಗಿ ಈ ಕಾಡನ್ನು ಪಟ್ಟಿಯಿಂದ ಕೈಬಿಡುವುದು ಹಟವಾದೀತು. 2021ರಲ್ಲಿ ಅರಣ್ಯ ಇಲಾಖೆ ಇಲ್ಲಿ ವೃಕ್ಷೋದ್ಯಾನ ಮಾಡಹೊರಟಾಗ ಸುತ್ತಲಿನ ನಿವಾಸಿಗಳು ಕಾಡು ಕಾಡಾಗಿಯೇ ಇರಲಿ ಎಂದು ಬೀದಿಗಿಳಿದರು, ಯೋಜನೆ ನಿಂತಿತು. ಉತ್ತರಹಳ್ಳಿ–ಕೆಂಗೇರಿ ರಸ್ತೆಯ ಓಂಕಾರ ಬೆಟ್ಟದ ದ್ವಾದಶ ಜ್ಯೋತಿರ್ಲಿಂಗ ದೇವಾಲಯವೂ ಇದೇ ಮಗ್ಗುಲಿನದು.

ಊರೊಳಗೆ ಏನೂ ಇಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ವೃಷಭಾವತಿ ನಗರದ ಕೊಳಚೆ ಹೊತ್ತು ಬೈರಮಂಗಲದ ಕಡೆಗೆ ಹರಿಯುತ್ತದೆ. ಅದರ ದಡದಲ್ಲಿ ವಿಹಾರದ ಮಾತೇ ಇಲ್ಲ. ಆದರೂ ಹಳೇ ಊರಿನ ಕೋಟೆ ಭಾಗ, ಈಶ್ವರನ ಗುಡಿ, ಬೆಂಗಳೂರು–ಮೈಸೂರು ಮಾರ್ಗದ ರೈಲು ನಿಲ್ದಾಣ ಇವೆ. ಕಾಣದೆ ಹೋದದ್ದು ಇನ್ನೊಂದಿದೆ: ರೇಷ್ಮೆಹುಳುವಿನ ರೋಗದಿಂದ ಮೈಸೂರು ಸೀಮೆಯ ಕಸುಬು ನೆಲಕಚ್ಚಿದ್ದಾಗ, 1866ರಲ್ಲಿ, ಡಿ ವೆಕಿ ಎಂಬ ಇಟಲಿಯವನು ಇಲ್ಲಿ ಹಬೆಯಂತ್ರದ ಫಿಲೇಚರ್ (ರೇಷ್ಮೆ ನೂಲು ತೆಗೆಯುವ ಕಾರ್ಖಾನೆ) ತೆರೆದು, ಜಪಾನಿನ ಹುಳು ತರಿಸಿ ಆ ಕಸುಬನ್ನು ಎತ್ತಿ ನಿಲ್ಲಿಸಲು ಹೊರಟಿದ್ದ. ಇದೇ ರಸ್ತೆಯಲ್ಲಿ ಮುಂದಿರುವ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ನೋಡಲು ಹೋಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ! ನಗರದ ಕಡೆಗೆ ಬಂದರೆ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಆವರಣ 1,100 ಎಕರೆ ಮೀರಿದ್ದು, ಅದರೊಳಗಿನ ಜೈವಿಕ ವನ ಹಕ್ಕಿ ನೋಡುವವರಿಗೆ ಒಳ್ಳೆಯ ಜಾಗ.

ನೇರಳೆ ಮಾರ್ಗದ ಮೆಟ್ರೊ ಆಗಸ್ಟ್ 2021ರಲ್ಲಿ ಕೆಂಗೇರಿಗೆ, ಅಕ್ಟೋಬರ್ 2023ರಲ್ಲಿ ಚಲ್ಲಘಟ್ಟಕ್ಕೆ ಬಂತು. ಅಲ್ಲಿಂದಾಚೆ ರೈಲು ಹಿಡಿದು ಆಲದ ಮರಕ್ಕೆ ಹೋಗುವಂತಿಲ್ಲ. ಬಸ್ಸು ಇಲ್ಲವೇ ಸ್ವಂತ ವಾಹನವೇ ಗತಿ.