ಸ್ಯಾಂ ಸೀರ್ ಕನ್ಯಾಶಾಲೆಯಲ್ಲಿ ವಾಕ್‌ಶಿಕ್ಷಣ

ಹೆಣ್ಣುಮಕ್ಕಳ ಕ್ಯಾಥೊಲಿಕ್ ಪಾಠಶಾಲೆಗಳಲ್ಲಿ ಭಾಷಾಸಂಘಗಳೂ ಭಾಷಣಸ್ಪರ್ಧೆಗಳೂ ಈಗ ವರ್ಷವರ್ಷವೂ ನಡೆಯತಕ್ಕ ಸಾಮಾನ್ಯ ಸಂಗತಿಗಳಾಗಿವೆ. ಆದರೆ ಬಾಲಿಕೆಯೊಬ್ಬಳು ಹತ್ತು ಜನರ ಮುಂದೆ ನಿಂತು ಸ್ಫುಟವಾಗಿಯೂ ಧೈರ್ಯವಾಗಿಯೂ ಮಾತನಾಡುವುದು ವಿದ್ಯಾಭ್ಯಾಸದ ಅಂಗವೇ, ಇಲ್ಲವೆ ವಿನಯಕ್ಕೆ ಭಂಗವೇ ಎಂಬ ವಿಷಯದಲ್ಲಿ ಹಿಂದೆ ತೀವ್ರವಾದ ಜಿಜ್ಞಾಸೆ ನಡೆದಿದ್ದಿತು. ಆ ಜಿಜ್ಞಾಸೆಯ ಪೂರ್ವಪಕ್ಷ ಸಿದ್ಧಾಂತಗಳೆರಡನ್ನೂ ಒಂದೇ ಶಾಲೆಯ ಆರೇಳು ವರ್ಷಗಳ ಚರಿತ್ರೆಯಲ್ಲಿ ಕಾಣಬಹುದು. ಆ ಶಾಲೆಯೇ ಫ್ರಾನ್ಸ್ ದೇಶದ ಸ್ಯಾಂ ಸೀರ್ ಎಂಬ ಊರಿನಲ್ಲಿ, ವರ್ಸೇಲ್ಸ್ ಅರಮನೆಗೆ ಸಮೀಪದಲ್ಲಿದ್ದ ಸಂತ ಲೂಯಿಯ ರಾಜಮಂದಿರವೆಂಬ ಕನ್ಯಾಶಾಲೆ.

ಈ ಶಾಲೆಯು ಕ್ರಿ. ಶ. ೧೬೮೬ರಲ್ಲಿ ಹದಿನಾಲ್ಕನೆಯ ಲೂಯಿ ದೊರೆಯ ಶಾಸನದಿಂದ ಸ್ಥಾಪಿತವಾಯಿತು. ಇದರ ಪ್ರೇರಕಳು ಮದಾಮ್ ದ ಮೇಂತನೋಂ. ಆಕೆ ಸ್ವತಃ ಬಡತನದಲ್ಲಿ ಬೆಳೆದವಳು. ಉರ್ಸುಲಾ ಪಂಥದ ಕನ್ಯಾಮಠಗಳಲ್ಲಿ ಓದಿದವಳು. ಸ್ಕಾರೋಂ ಕವಿಯ ವಿಧವೆಯಾಗಿದ್ದು, ಅನಂತರ ದೊರೆಯನ್ನು ಗುಟ್ಟಾಗಿ ವರಿಸಿದವಳು. ಯುದ್ಧಸೇವೆಯಿಂದಲೂ ಸಾಲದಿಂದಲೂ ಸೊರಗಿದ್ದ ಕುಲೀನ ಮನೆತನಗಳ ೨೫೦ ಮಂದಿ ಬಾಲಿಕೆಯರಿಗೆ ಅಲ್ಲಿ ಊಟ, ವಸತಿ, ವಿದ್ಯೆಗಳು ಉಚಿತವಾಗಿ ದೊರೆಯುತ್ತಿದ್ದುವು. ಏಳರಿಂದ ಹನ್ನೆರಡು ವರ್ಷದೊಳಗೆ ಸೇರಿದವರು ಇಪ್ಪತ್ತು ವರ್ಷ ತುಂಬುವವರೆಗೂ ಅಲ್ಲಿರುತ್ತಿದ್ದರು. ವಯಸ್ಸಿಗೆ ತಕ್ಕಂತೆ ಕೆಂಪು, ಹಸುರು, ಹಳದಿ, ನೀಲಿ ಪಟ್ಟಿಗಳನ್ನು ಧರಿಸುವ ನಾಲ್ಕು ತರಗತಿಗಳಿದ್ದುವು. ಪ್ರತಿ ತರಗತಿಯೂ ಸಣ್ಣ ಸಣ್ಣ ತಂಡಗಳಾಗಿ ವಿಭಾಗವಾಗಿ, ಒಂದೊಂದು ತಂಡಕ್ಕೂ ಒಬ್ಬಳು ವಿದ್ಯಾರ್ಥಿನಿಯೇ ನಾಯಕಿಯಾಗಿರುತ್ತಿದ್ದಳು.

ಈ ಬಾಲಿಕೆಯರು ಫ್ರಾನ್ಸಿನ ನಾನಾ ಪ್ರಾಂತಗಳಿಂದ ಬಂದವರು. ಊರೂರಿನ ನುಡಿಯೂ ಉಚ್ಚಾರಣೆಯೂ ಅವರೊಡನೆಯೇ ಬಂದಿದ್ದುವು. ರಾಜಧಾನಿಯ ಶಿಷ್ಟರಾದರೋ ಆಗ ಭಾಷೆಯನ್ನು ಒಂದೇ ಅಚ್ಚಿಗೆ ತರಲು ಯತ್ನಿಸುತ್ತಿದ್ದರು. ೧೬೩೫ರಲ್ಲಿ ಸ್ಥಾಪಿತವಾದ ಫ್ರೆಂಚ್ ವಿದ್ವತ್ಪರಿಷತ್ತು ತನ್ನ ನಿಘಂಟನ್ನು ಸಿದ್ಧಪಡಿಸುತ್ತಿದ್ದಿತು. ಅದು ಹೊರಬಿದ್ದುದು ೧೬೯೪ರಲ್ಲಿ. ಆ ಪರಿಷತ್ತಿನ ಸದಸ್ಯನಾದ ರಸೀನ್ ಕವಿಯು ತನ್ನ 'ಎಸ್ತೇರ್' ನಾಟಕದ ಮುನ್ನುಡಿಯಲ್ಲಿ ಸ್ಯಾಂ ಸೀರಿನ ಪದ್ಧತಿಯನ್ನು ಸಂಗ್ರಹವಾಗಿ ತಿಳಿಸಿದ್ದಾನೆ. ಆರಿಸಿದ ವಿಷಯಗಳ ಮೇಲೆ ಬಾಲಿಕೆಯರಿಂದ ಸಂಭಾಷಣೆ ಮಾಡಿಸುತ್ತಿದ್ದರು. ಉತ್ತಮ ಪದ್ಯಭಾಗಗಳನ್ನು ಬಾಯಿಪಾಠ ಮಾಡಿಸಿ ಹೇಳಿಸುತ್ತಿದ್ದರು. ಪ್ರಾಂತಗಳಿಂದ ತಂದಿರಬಹುದಾದ ಉಚ್ಚಾರಣದೋಷಗಳು ಇದರಿಂದ ಕಳೆಯುತ್ತಿದ್ದುವು. ಭಾಷಾಶುದ್ಧಿ, ಜ್ಞಾಪಕಶಕ್ತಿ, ಸಭಾಧೈರ್ಯ ಈ ಮೂರೂ ಅಲ್ಲಿ ಒಂದೇ ಅಭ್ಯಾಸದ ಫಲಗಳಾಗಿ ಎಣಿಸಲ್ಪಟ್ಟಿದ್ದುವು.

ಈ ಅಭ್ಯಾಸಕ್ಕೆ ಸಾಧನವಾದುವು 'ಸಂಭಾಷಣೆ'ಗಳು. ಸಂಭಾಷಣಾರೂಪದ ನೀತಿಪ್ರಬಂಧವನ್ನು ಮದ್ಮುಆಜೆಲ್ ದ ಸ್ಕುದೆರಿ ಎಂಬ ಲೇಖಕಿಯು ಅದಾಗಲೇ ಪ್ರಸಿದ್ಧಿಗೆ ತಂದಿದ್ದಳು. ಮದಾಮ್ ದ ಮೇಂತನೋಂ ಅದನ್ನು ಶಾಲೆಯ ಉಪಯೋಗಕ್ಕೆ ತಿರುಗಿಸಿ ತಾನೇ ಹಲವು ಸಂಭಾಷಣೆಗಳನ್ನು ಬರೆದಳು. ನಾಲ್ಕಾರು ಬಾಲಿಕೆಯರು ಒಂದೊಂದು ಪಾತ್ರದ ಮಾತನ್ನು ಕಲಿತು, ಒಡನಾಡಿಗಳ ಮುಂದೆ ಹೇಳುತ್ತಿದ್ದರು. ಒಂದರಲ್ಲಿ ನ್ಯಾಯ, ಧೈರ್ಯ, ವಿವೇಕ, ಸಂಯಮಗಳೆಂಬ ನಾಲ್ಕು ಗುಣಗಳು ಹೆಂಗಸರ ರೂಪದಿಂದ ಬಂದು, ತಮ್ಮಲ್ಲಿ ಮೇಲಾದವರು ಯಾರೆಂದು ವಾದಿಸುತ್ತವೆ. ಮತ್ತೊಂದರ ವಿಷಯ ನಿರ್ಬಂಧ: ಯಾವ ಅಂತಸ್ತಿನವರೂ ಅದರಿಂದ ಬಿಡುಗಡೆ ಹೊಂದಲಾರರೆಂಬುದು ಅಲ್ಲಿ ನಿರೂಪಿತವಾಗಿದೆ. ಗಾದೆಗಳನ್ನು ಆಧರಿಸಿದ ಪುಟ್ಟ ನಾಟಕಗಳನ್ನೂ ಆಕೆ ಬರೆದಳು.

ಇದರೊಡನೆ ನಾಟಕಾಭಿನಯವೂ ಬೆಳೆಯಿತು. ಮೊದಲ ಅಧ್ಯಕ್ಷೆಯಾದ ಮದಾಮ್ ದ ಬ್ರಿನೋಂ ವಾಗ್ಮಿತೆಗೆ ಹೆಸರಾದವಳು. ಮಕ್ಕಳಿಗಾಗಿ ತಾನೇ ನಾಟಕಗಳನ್ನು ರಚಿಸುತ್ತಿದ್ದಳು. ಅವು ನೀರಸವೆನಿಸಿದುದರಿಂದ ರಸೀನನ 'ಆಂದ್ರೊಮಾಕ್' ನಾಟಕವನ್ನು ಆಡಿಸಲಾಯಿತು. ಬಾಲಿಕೆಯರು ಅದರ ಪ್ರಣಯಾವೇಶವನ್ನು ಅತಿ ಚೆನ್ನಾಗಿ ಅಭಿನಯಿಸಿದರೆಂಬುದೇ ಮೇಂತನೋಂಳ ಭಯಕ್ಕೆ ಕಾರಣವಾಯಿತು. ಪ್ರಣಯವಿಲ್ಲದ, ಧರ್ಮಪರವಾದ ಕೃತಿಯೊಂದನ್ನು ಬರೆದುಕೊಡಬೇಕೆಂದು ಆಕೆ ಕವಿಯನ್ನು ಕೇಳಿದಳು. ಹೀಗೆ ಹುಟ್ಟಿದ 'ಎಸ್ತೇರ್' ೧೬೮೯ನೆಯ ಜನವರಿ ೨೬ರಂದು ದೊರೆಯ ಮುಂದೆ ಪ್ರದರ್ಶಿತವಾಯಿತು. ಸಂಗೀತ ಮೊರೋ ಎಂಬವನದು; ಮಾತುಗಳ ಶಿಕ್ಷಣವನ್ನು ರಸೀನನೇ ವಹಿಸಿದ್ದನು. ಒಡನೆಯೇ ಆಸ್ಥಾನದವರು ಪ್ರವೇಶಕ್ಕಾಗಿ ಹಾತೊರೆಯತೊಡಗಿದರು. ಪದಚ್ಯುತನಾಗಿ ಬಂದಿದ್ದ ಇಂಗ್ಲೆಂಡಿನ ಎರಡನೆಯ ಜೇಮ್ಸ್ ದೊರೆಯೂ, ಪತ್ರಲೇಖನದಿಂದ ಪ್ರಖ್ಯಾತಳಾದ ಮದಾಮ್ ದ ಸೆವಿನ್ಯೇಯೂ ಪ್ರೇಕ್ಷಕರಲ್ಲಿದ್ದರು.

ಶಾಲೆಯ ಹೆಸರು ಹಬ್ಬಿತು. ಆದರೆ ಶಾಲೆಯೊಳಗಿನ ನೆಲೆ ಕದಲಿತು. ಸಭೆಯ ಹೊಗಳಿಕೆಯನ್ನು ಕೇಳಿದ ಬಾಲಿಕೆಯರಲ್ಲಿ ಗರ್ವವೂ ಪರಿಹಾಸಪ್ರಿಯತೆಯೂ ತಲೆದೋರಿದುವು. ಕೊರಳು ಕೆಟ್ಟೀತೆಂದು ಕೆಲವರು ದೇವಾಲಯದ ಲ್ಯಾಟಿನ್ ಸ್ತೋತ್ರಗಳನ್ನು ಹಾಡಲೊಲ್ಲದೆ ಹೋದರೆಂಬ ಹೇಳಿಕೆಯುಂಟು. ವರ್ಸೇಲ್ಸಿನ ಪಾದ್ರಿಯಾದ ಎಬೆರನು ಇಂಥ ಪ್ರದರ್ಶನಗಳನ್ನು ಖಂಡಿಸಿದನು. ರಸೀನನ ಎರಡನೆಯ ಧಾರ್ಮಿಕ ನಾಟಕವಾದ 'ಅತಾಲಿ' ಸಿದ್ಧವಾಗುವ ವೇಳೆಗೆ ಗಾಳಿಯೇ ತಿರುಗಿದ್ದಿತು. ೧೬೯೧ರ ಜನವರಿಯಲ್ಲಿ ಅದನ್ನು ರಂಗಸಜ್ಜಿಕೆಯಿಲ್ಲದೆ, ಶಾಲೆಯ ನಿತ್ಯದ ಉಡುಪಿನಲ್ಲಿಯೇ, ದೊರೆಯೇ ಮೊದಲಾದ ಕೆಲವರ ಮುಂದೆ ನಡೆಸಿ ಮುಗಿಸಲಾಯಿತು. ಫ್ರೆಂಚ್ ರಂಗಭೂಮಿಯ ಮಹಾಕೃತಿಗಳಲ್ಲೊಂದು ಲೋಕಕ್ಕೆ ಬಂದುದು ಹೀಗೆ, ಬಹುಮಟ್ಟಿಗೆ ಸಭೆಯೇ ಇಲ್ಲದ ಕೊಠಡಿಯಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೇಂತನೋಂ ಅಧ್ಯಾಪಕಿಯೊಬ್ಬಳಿಗೆ ಬರೆದ ಕಾಗದದಲ್ಲಿ, ಮಕ್ಕಳ ಗರ್ವಕ್ಕೆ ತಾನೇ ಮೊದಲ ಕಾರಣಳೆಂದು ಒಪ್ಪಿಕೊಂಡು, ಶಿಕ್ಷಣವನ್ನು ನಮ್ರತೆಯ ತಳಹದಿಯ ಮೇಲೆ ಮತ್ತೆ ಕಟ್ಟಬೇಕೆಂದು ಸೂಚಿಸಿದಳು. ೧೬೯೨ರ ಕೊನೆಯಲ್ಲಿ ಸಂಸ್ಥೆಯು ಸಂತ ಅಗಸ್ಟೀನನ ನಿಯಮಕ್ಕೆ ಒಳಪಟ್ಟ ಕನ್ಯಾಮಠವಾಗಿ ಮಾರ್ಪಟ್ಟಿತು.

ಈ ಪರಿವರ್ತನೆಯನ್ನು ವಾಕ್‌ಶಿಕ್ಷಣದ ಸೋಲೆಂದು ವರ್ಣಿಸುವುದು ವಾಡಿಕೆ. ಆದರೆ ಸಂಗತಿಗಳನ್ನು ಪರ್ಯಾಲೋಚಿಸಿದರೆ ಬೇರೊಂದು ನಿರ್ಣಯಕ್ಕೆ ಬರಬೇಕಾಗುತ್ತದೆ. ತೊಲಗಿದುದು ಆಸ್ಥಾನದ ಸಭೆಯೇ ಹೊರತು ಮಾತಿನ ಅಭ್ಯಾಸವಲ್ಲ. ಸಂಭಾಷಣೆಗಳೂ ಗಾದೆಯ ನಾಟಕಗಳೂ ಮಠದ ಕಾಲದಲ್ಲಿ ಮುಂದುವರಿದುವು, ಹಸ್ತಪ್ರತಿಗಳಲ್ಲಿ ಉಳಿದುಬಂದುವು. ರಂಗದ ಮೇಲೆ ಆರಿಸಿದ ಕೆಲವರಿಗೆ ಮಾತ್ರ ದೊರೆಯುತ್ತಿದ್ದ ಅವಕಾಶವು ತರಗತಿಯಲ್ಲಿ ಸಾಧಾರಣ ಬುದ್ಧಿಯ ಬಾಲಿಕೆಗೂ ದೊರೆಯುವಂತಾಯಿತು. ಕೇಳುವವರು ಪ್ರತಿದಿನದ ಒಡನಾಡಿಗಳು. ಅವರ ಮುಂದೆ ಗರ್ವಕ್ಕೆ ಎಡೆ ಕಡಿಮೆ, ತಿದ್ದಿಕೊಳ್ಳಲು ಎಡೆ ಹೆಚ್ಚು. ಈಗಿನ ಭಾಷಾಸಂಘಕ್ಕೆ ಪೂರ್ವರೂಪವನ್ನು ಹುಡುಕುವವರು 'ಎಸ್ತೇರ್' ನಾಟಕದ ವೈಭವದಲ್ಲಿ ಅಲ್ಲ, ಈ ತರಗತಿಯ ಮೂಲೆಯಲ್ಲಿ ಹುಡುಕಬೇಕು. ಶಾಲೆಯ ವಿದ್ಯಾರ್ಥಿನಿಯಾಗಿದ್ದು ಮುಂದೆ ಗೊಮೆರ್‌ಫೋಂತೇನ್ ಮಠದ ಅಧ್ಯಕ್ಷೆಯಾದವಳಿಗೆ ಬಾಲಿಕಾಶಿಕ್ಷಣದ ವಿಷಯವಾಗಿ ಮೇಂತನೋಂ ಬರೆದ ಪತ್ರಗಳಿಂದ, ಸ್ಯಾಂ ಸೀರಿನ ಪ್ರಭಾವವು ಅದರ ಗೋಡೆಗಳನ್ನು ದಾಟಿ ಹೋದುದೂ ವಿದಿತವಾಗುತ್ತದೆ.

ಹಾಗೆಂದು ಆ ಪದ್ಧತಿಯ ಕೊರತೆಗಳನ್ನು ಮರೆಯಲಾಗದು. ಸಂಭಾಷಣೆಯಲ್ಲಿ ವಾದಿಸುವವರು ಹಲವರಾದರೂ ವಾದದ ಫಲವು ಮೊದಲೇ ನಿಶ್ಚಿತವಾಗಿರುತ್ತಿದ್ದಿತು. ಬಾಲಿಕೆಯು ಬೇರೊಬ್ಬರು ಬರೆದ ಮಾತನ್ನು ಚೆನ್ನಾಗಿ ನುಡಿಯಲು ಕಲಿತಳು. ತನ್ನ ಮಾತನ್ನು ತಾನೇ ಹುಡುಕಿಕೊಳ್ಳುವ ಶಿಕ್ಷಣ ಅಷ್ಟಾಗಿ ದೊರೆಯಲಿಲ್ಲ. ಪ್ರಾಂತದ ನುಡಿಯು ಕಳೆಯಬೇಕಾದ ದೋಷವಾಗಿ ಮಾತ್ರ ಪರಿಗಣಿತವಾಯಿತು; ತೌರಿನ ಭಾಷೆಗೂ ಒಂದು ಗುಣವಿರಬಹುದೆಂಬ ಭಾವನೆಗೆ ಅಲ್ಲಿ ಸ್ಥಳವಿರಲಿಲ್ಲ. ಈ ಎರಡು ಕೊರತೆಗಳೂ ಆ ಕಾಲದ ಸಾಮಾನ್ಯ ಧರ್ಮಗಳೇ ಆದರೂ, ಕೊರತೆಗಳೇ ಸರಿ.

ಮದಾಮ್ ದ ಮೇಂತನೋಂ ೧೭೧೯ರಲ್ಲಿ ಸ್ಯಾಂ ಸೀರಿನಲ್ಲಿಯೇ ಕಾಲವಾದಳು. ಕ್ರಾಂತಿಯ ಕಾಲದಲ್ಲಿ, ೧೭೯೩ರಲ್ಲಿ, ಶಾಲೆಯು ಮುಚ್ಚಿಹೋಯಿತು. ೧೮೦೮ರಲ್ಲಿ ಆ ಕಟ್ಟಡವು ನೆಪೋಲಿಯನ್ನನ ಸೈನಿಕಶಾಲೆಯಾಯಿತು. ಕಟ್ಟಡದ ಗತಿ ಏನೇ ಆಗಿರಲಿ, ಅಲ್ಲಿ ಎದ್ದ ಪ್ರಶ್ನೆಯು ಭಾಷಣಸ್ಪರ್ಧೆಯನ್ನು ಏರ್ಪಡಿಸುವ ಪ್ರತಿಯೊಬ್ಬ ಉಪಾಧ್ಯಾಯರ ಮುಂದೆಯೂ ನಿಲ್ಲತಕ್ಕುದಾಗಿದೆ: ಮಕ್ಕಳು ಮಾತನ್ನು ಕಲಿಯುವುದು ಕೇಳುವವರ ಚಪ್ಪಾಳೆಗಾಗಿಯೋ, ತಮ್ಮ ಬುದ್ಧಿಯ ಬೆಳವಣಿಗೆಗಾಗಿಯೋ? ಸ್ಯಾಂ ಸೀರಿನವರು ಚಪ್ಪಾಳೆಯನ್ನು ಬಿಟ್ಟು ಮಾತನ್ನು ಉಳಿಸಿಕೊಂಡರು. ಆ ಮಾತಿಗೆ ಸ್ವಾತಂತ್ರ್ಯವನ್ನು ಕೊಡುವ ಕೆಲಸವು ಅವರ ಅನಂತರ ಬಂದವರ ಪಾಲಿಗೆ ಉಳಿಯಿತು.