ತುಮಕೂರು, ಗುಬ್ಬಿ, ಕುಣಿಗಲ್: ನಾಡಿನಿಂದ ಗ್ರಾಮ ಪಂಚಾಯಿತಿಯವರೆಗೆ

ತುಮಕೂರು ಜಿಲ್ಲೆಯ ತುಮಕೂರು, ಗುಬ್ಬಿ ಮತ್ತು ಕುಣಿಗಲ್ ಒಂದಕ್ಕೊಂದು ಹೊಂದಿಕೊಂಡ ತಾಲ್ಲೂಕುಗಳು. ರಾಗಿ, ತೆಂಗು, ಅಡಿಕೆ ಬೆಳೆಯುವ ಈ ಕೆರೆಗಳ ಸೀಮೆಯ ಹಳೆಯ ಆಡಳಿತವನ್ನು ತಿಳಿಯಲು ಜೈನ ದಾನಶಾಸನಗಳು ಮುಖ್ಯ ಆಧಾರ. ಇಂದು ಹಳ್ಳಿಗಳ ಬಸದಿಗಳ ಸುತ್ತಲಿನ ರಸ್ತೆ, ಚರಂಡಿ, ಬೀದಿದೀಪ ನೋಡಿಕೊಳ್ಳುವುದು ಗ್ರಾಮ ಪಂಚಾಯಿತಿ.

ಪ್ರಾಚೀನ ಕಾಲ

ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟ ಮೂರನೆಯ ಗೋವಿಂದನ ತಾಮ್ರಶಾಸನ ಶಕವರ್ಷ 735ರದು, ಅಂದರೆ 9ನೇ ಶತಮಾನದ ಆರಂಭದ್ದು. ಚಾಕಿರಾಜನ ಬಿನ್ನಹದಂತೆ ಶಿಲಾಗ್ರಾಮದ ಜಿನಾಲಯಕ್ಕಾಗಿ ಜಾಲಮಂಗಲ ಗ್ರಾಮವನ್ನು ಅರ್ಕಕೀರ್ತಿ ಮುನಿಗಳಿಗೆ ದಾನ ನೀಡಿದ್ದನ್ನು ಅದು ತಿಳಿಸುತ್ತದೆ. ಚಾಕಿರಾಜನ ಸೋದರಳಿಯ ವಿಮಲಾದಿತ್ಯನಿಗಿದ್ದ ಶನಿಪೀಡೆಯನ್ನು ಮುನಿಗಳು ನಿವಾರಿಸಿದ್ದು ಈ ದಾನಕ್ಕೆ ಕಾರಣ. ವಿಮಲಾದಿತ್ಯ ಆಳುತ್ತಿದ್ದ ‘ಕುಣುಂಗಿಲ್ ದೇಶ’ವನ್ನು ವಿದ್ವಾಂಸರು ಇಂದಿನ ಕುಣಿಗಲ್ ಎಂದು ಗುರುತಿಸಿದ್ದಾರೆ.

ಹೊಯ್ಸಳರ ಕಾಲದಲ್ಲಿ ಆಡಳಿತದ ಘಟಕ ‘ನಾಡು’. 12ನೇ ಶತಮಾನದಲ್ಲಿ ಸಾಮಂತ ಗೂಳಿಬಾಚಿ ತುಮಕೂರು ಸಮೀಪದ ಕೈದಾಳದಲ್ಲಿ ಶೈವ, ವೈಷ್ಣವ ದೇವಾಲಯಗಳ ಜೊತೆಗೆ ಜಿನಾಲಯವನ್ನೂ ಕಟ್ಟಿಸಿದ. ಗುಬ್ಬಿ ತಾಲ್ಲೂಕಿನ ನಿಟ್ಟೂರಿನ ಶಾಂತಿನಾಥ ಬಸದಿಯೂ ಹೊಯ್ಸಳರ ಕಾಲದ್ದು. ತುಮಕೂರು ತಾಲ್ಲೂಕಿನ ಪಂಡಿತನಹಳ್ಳಿಯ ಮಂದರಗಿರಿ, ಅಂದರೆ ಬಸದಿ ಬೆಟ್ಟ, ಇಂದಿಗೂ ಯಾತ್ರಾಸ್ಥಳ. ಬೆಟ್ಟದ ಬುಡದಲ್ಲಿ ಪಿಂಛಿಯ ಆಕಾರದ 81 ಅಡಿ ಎತ್ತರದ ಗುರುಮಂದಿರವಿದೆ.

ಮೈಸೂರು ಸಂಸ್ಥಾನದಿಂದ ಪಂಚಾಯತ್ ರಾಜ್‌ಗೆ

ಬಹುಕಾಲ ಹಳ್ಳಿಯ ಲೆಕ್ಕ ಶಾನುಭೋಗರ ಕೈಯಲ್ಲಿ, ಕಂದಾಯ ವಸೂಲಿ ಪಟೇಲರ ಕೈಯಲ್ಲಿ, ಕೆರೆ ನೀರಿನ ಹಂಚಿಕೆ ನೀರಗಂಟಿಯ ಕೈಯಲ್ಲಿತ್ತು. ಈ ವಂಶಪಾರಂಪರ್ಯ ಹುದ್ದೆಗಳನ್ನು 1961ರ ಕಾಯ್ದೆ ರದ್ದುಗೊಳಿಸಿತು. ಗ್ರಾಮ ಪಂಚಾಯಿತಿಗಳಿಗಾಗಿ ಮೈಸೂರು ಸಂಸ್ಥಾನ 1918 ಮತ್ತು 1926ರಲ್ಲಿ ಶಾಸನ ಮಾಡಿತ್ತು. ರಾಜ್ಯ ಏಕೀಕರಣದ ನಂತರ 1959ರ ಕಾಯ್ದೆ ಬಂತು. 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು ಮಹಿಳೆಯರಿಗೆ ಶೇ 25 ಮೀಸಲಾತಿ ನೀಡಿತು.

ಸಂವಿಧಾನದ 73ನೇ ತಿದ್ದುಪಡಿಯ ನಂತರ ಬಂದ 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಿಲ್ಲೆ, ತಾಲ್ಲೂಕು, ಗ್ರಾಮ ಎಂಬ ಮೂರು ಹಂತಗಳನ್ನು ರೂಪಿಸಿತು. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅವಧಿ ಐದು ವರ್ಷ. ಈಗ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು.

ಬಸದಿ ಮತ್ತು ಪಂಚಾಯಿತಿ

ಹಿಂದೆ ದಾನಭೂಮಿಯ ಎಲ್ಲೆಯನ್ನು ಕಲ್ಲು, ತಾಮ್ರದಲ್ಲಿ ಬರೆಸುತ್ತಿದ್ದರು. ಇಂದು ಆ ಕೆಲಸವನ್ನು ಕಚೇರಿಯ ದಾಖಲೆಗಳು ಮಾಡುತ್ತವೆ. ಕೃಷಿ ಜಮೀನಿನ ಪಹಣಿ ಕಂದಾಯ ಇಲಾಖೆಯದು. ಗ್ರಾಮಠಾಣಾ ವ್ಯಾಪ್ತಿಯ ಆಸ್ತಿಗೆ ಪಂಚಾಯಿತಿ ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು 11 ನೀಡುತ್ತದೆ. ಸಂರಕ್ಷಿತ ಸ್ಮಾರಕವಾದರೆ ಕಟ್ಟಡದ ಹೊಣೆ ಪುರಾತತ್ವ ಇಲಾಖೆಯದು. ಜೈನರ ಮನೆಗಳು ಕಡಿಮೆಯಾದ ಊರುಗಳಲ್ಲಿ ಬಸದಿಯ ನಿವೇಶನದ ಅಳತೆ, ದಾಖಲೆ ಸರಿಯಿರದಿದ್ದರೆ ಒತ್ತುವರಿಯನ್ನು ಪ್ರಶ್ನಿಸುವುದು ಕಷ್ಟವಾಗುತ್ತದೆ.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆ ಊರಿನ ಮತದಾರರೆಲ್ಲರೂ ಅದರ ಸದಸ್ಯರು. ಬಸದಿಯ ದಾರಿ, ಕುಡಿಯುವ ನೀರು, ಕೆರೆಯ ಹೂಳು, ಆವರಣದ ಎಲ್ಲೆ ಇವುಗಳ ಬಗ್ಗೆ ಅಲ್ಲಿ ಬರವಣಿಗೆಯಲ್ಲಿ ಮನವಿ ಕೊಟ್ಟು, ಅದು ನಡಾವಳಿಯಲ್ಲಿ ದಾಖಲಾಗುವಂತೆ ನೋಡಿಕೊಳ್ಳಬಹುದು. ಪಟ್ಟಣಗಳಲ್ಲಿ ನೆಲೆಸಿದ ಕುಟುಂಬಗಳು ಊರಿನವರ ಮೂಲಕ ಈ ಮನವಿ ಸಲ್ಲಿಸಬಹುದು.